ಮುರಕಲ್ಲಿನಲ್ಲಿ ಬಾಕ್ಸೈಟ್: ಲ್ಯಾಬ್ ವರದಿ ಓದುವ ಬಗೆ

ಕುಂಬಳೆ, ಕಾರಡ್ಕ, ನೀಲೇಶ್ವರದ ಕಡೆಯ ಪದವುಗಳಲ್ಲಿ ಮುರಕಲ್ಲಿನ (ಲ್ಯಾಟರೈಟ್) ನಡುವೆ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟೂ ಇದೆ. ಎರಡಕ್ಕೂ ಅದೇ ಕೆಂಪು, ಅದೇ ತೂತು ತೂತು ಮೈ. ಕಣ್ಣಂದಾಜಿನಲ್ಲಿ ಬೇರ್ಪಡಿಸಲು ಆಗುವುದಿಲ್ಲ, ಲೆಕ್ಕವೇ ಬೇಕು.

ಮಾದರಿ

ಕೋರೆಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಮೀಟರಿಗೊಂದರಂತೆ 2–3 ಕಿಲೋ ತೆಗೆಯಿರಿ. ಮೀಟರಿನ ನಡುವೆ ಪದರ ಬದಲಾದರೆ ಅಲ್ಲಿಗೇ ನಿಲ್ಲಿಸಿ ಹೊಸ ಚೀಲ ಹಿಡಿಯಿರಿ. ಮಳೆಗೆ ಮೇಲಿನ ಕೆಂಪು ಇಳಿದು ಕೆಳಗಿನ ಬಿಳಿ ಜೇಡಿಗೆ ಬಳಿದಿರುತ್ತದೆ, ಅದನ್ನು ಕೆರೆದು ತೆಗೆಯದಿದ್ದರೆ ಜೇಡಿಯಲ್ಲೂ ಕಬ್ಬಿಣ ತೋರುತ್ತದೆ. ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ಗೋಡೆ ಕೈಗೆ ಸುಲಭ, ಆದರೆ ಸುರಂಗ ಅಡ್ಡಕ್ಕೆ ಹೋಗುವುದರಿಂದ ಒಂದೇ ಮಟ್ಟದ ಮಣ್ಣು ಸಿಗುತ್ತದೆ. ಪದರಗಳ ಕ್ರಮ ಬೇಕಿದ್ದರೆ ಕೋರೆ ಅಥವಾ ಬಾವಿಯೇ ಆಗಬೇಕು.

ಶೇಕಡಾ ಏರಿದರೆ ಅಲ್ಯೂಮಿನಾ ಬಂತೇ?

ಎಲ್ಲರೂ ಎಡವುವುದು ಇಲ್ಲಿ. ಲೆಕ್ಕಕ್ಕೆಂದು ಅಂಕಿ ಹಿಡಿಯೋಣ. ಅಡಿಯ ನೈಸ್ ಬಂಡೆ (ಮುರಕಲ್ಲಿಗೆ ಮೂಲವಾದ ಗಟ್ಟಿ ಶಿಲೆ): ಅಲ್ಯೂಮಿನಾ (ಅಲ್ಯೂಮಿನಿಯಂನ ಆಕ್ಸೈಡ್) 16%, ಸಿಲಿಕಾ 65%, ಕಬ್ಬಿಣದ ಆಕ್ಸೈಡ್ 6%, ಟೈಟಾನಿಯಂ ಡೈಆಕ್ಸೈಡ್ 0.8%. ಮೇಲಿನ ಮುರಕಲ್ಲು: ಅಲ್ಯೂಮಿನಾ 40, ಸಿಲಿಕಾ 6, ಕಬ್ಬಿಣದ ಆಕ್ಸೈಡ್ 30, ಟೈಟಾನಿಯಂ ಡೈಆಕ್ಸೈಡ್ 2.4, ಸುಟ್ಟಾಗ ಕಳೆಯುವ ತೂಕ (ಎಲ್‌ಒಐ) 21.

16 ಹೋಗಿ 40 ಆಯಿತು, ಅಂದರೆ ಎರಡೂವರೆ ಪಟ್ಟು. ಎಲ್ಲಿಂದಲೋ ಅಲ್ಯೂಮಿನಾ ಬಂದು ಸೇರಿತು ಅನ್ನಿಸುತ್ತದೆ. ಆದರೆ ಶೇಕಡಾ ಹೇಳುವುದು ಪಾಲನ್ನು, ತೂಕವನ್ನಲ್ಲ. ಬೆಲ್ಲದ ಪಾಕ ಕುದಿಸಿದಾಗ ನೀರು ಹಾರಿ ಪಾಕ ಗಟ್ಟಿಯಾಗುತ್ತದಲ್ಲ, ಬೆಲ್ಲವನ್ನು ಯಾರೂ ಹೊಸದಾಗಿ ಹಾಕಿರುವುದಿಲ್ಲ.

ತೂಕಕ್ಕೆ ಇಳಿಯಲು ಕದಲದ ಧಾತು ಒಂದು ಬೇಕು. ಟೈಟಾನಿಯಂ ಹಿಡಿಯೋಣ. 100 ಕಿಲೋ ಬಂಡೆಯಲ್ಲಿ ಅದರ ಆಕ್ಸೈಡ್ 0.8 ಕಿಲೋ. ಅದು ಎಲ್ಲಿಗೂ ಹೋಗಿಲ್ಲ ಎಂದಾದರೆ, ಆ 0.8 ಕಿಲೋವೇ ಈಗ ಮುರಕಲ್ಲಿನ 2.4%. ಹಾಗಾದರೆ ಉಳಿದ ಮುರಕಲ್ಲು 0.8 ÷ 0.024 = 33.3 ಕಿಲೋ. ನೂರು ಕಿಲೋ ಬಂಡೆ ಮೂರನೇ ಒಂದಕ್ಕೆ ಇಳಿದಿದೆ. ಇದೊಂದು ಅಂಕಿ ಸಿಕ್ಕಿದರೆ ಮುಂದಿನದು ಬರೀ ಗುಣಾಕಾರ. ಅಲ್ಯೂಮಿನಾ 33.3ರ 40%, ಅಂದರೆ 13.3 ಕಿಲೋ, ಮೊದಲಿದ್ದದ್ದು 16. ಬರುವುದಿರಲಿ, 17% ತೊಳೆದು ಹೋಗಿದೆ! ಸಿಲಿಕಾ 65 ಕಿಲೋದಲ್ಲಿ ಉಳಿದದ್ದು 2. ಕಬ್ಬಿಣದ ಆಕ್ಸೈಡ್ ಮಾತ್ರ 6 ಇದ್ದದ್ದು 10 ಆಗಿದೆ. ಈ 4 ಕಿಲೋ ನಿಜಕ್ಕೂ ಹೊರಗಿನಿಂದ ಬಂದದ್ದು, ನೀರಿನಲ್ಲಿ ಕರಗಿ ಬಂದು ಗಟ್ಟಿಯಾದದ್ದು.

ಪುಸ್ತಕದ ಸೂತ್ರವೂ ಇದೇ: ಅಲ್ಯೂಮಿನಾದ ಅನುಪಾತವನ್ನು (2.5) ಟೈಟಾನಿಯಂ ಅನುಪಾತದಿಂದ (3) ಭಾಗಿಸಿ 1 ಕಳೆದರೆ −0.17. ಎರಡು ಅನುಪಾತದಲ್ಲೂ ಮುರಕಲ್ಲು ಮೇಲೆ, ಬಂಡೆ ಕೆಳಗೆ ಇರಬೇಕು. ಒಂದನ್ನು ತಲೆಕೆಳಗು ಮಾಡಿದರೂ ಉತ್ತರ ಕೆಡುತ್ತದೆ.

ಟೈಟಾನಿಯಂ ನಿಜಕ್ಕೂ ಕದಲಿಲ್ಲವೇ ಎಂದು ನೋಡಲು, ಅದರಂತೆಯೇ ಕದಲದ ಜಿರ್ಕೋನಿಯಂನಿಂದಲೂ ಇದೇ ಲೆಕ್ಕ ಮಾಡಿ. ಎರಡು ಉತ್ತರ ತೀರಾ ಬೇರೆ ಬಂದರೆ, ಅಡಿಯ ಬಂಡೆಯೇ ಮೂಲಶಿಲೆ ಎಂದು ನಂಬಿದ್ದು ತಪ್ಪಿರಬಹುದು. ಜಿರ್ಕೋನಿಯಂ ಕೂತಿರುವ ಜಿರ್ಕಾನ್ ಆಮ್ಲಕ್ಕೆ ಸುಲಭವಾಗಿ ಕರಗದ ಖನಿಜ, ಹಾಗಾಗಿ ಆಮ್ಲದಲ್ಲಿ ಕರಗಿಸಿ ಕೊಟ್ಟ ಜಿರ್ಕೋನಿಯಂ ಅಂಕಿ ಕಡಿಮೆ ಇರುತ್ತದೆ. ಎಕ್ಸ್‌ಆರ್‌ಎಫ್ (ಮಾದರಿಯನ್ನು ಆಮ್ಲದಲ್ಲಿ ಕರಗಿಸದೆ ಎಕ್ಸ್-ಕಿರಣದಿಂದ ಅಳೆಯುವ ವಿಧಾನ) ಅಂಕಿಯನ್ನೇ ಕೇಳಿ.

ಎರಡು ಗುಣಾಕಾರದಲ್ಲಿ ಗಿಬ್ಸೈಟ್

ಅಲ್ಯೂಮಿನಾ ಕಾರ್ಖಾನೆಗೆ ಬೇಕಾದದ್ದು ಗಿಬ್ಸೈಟಿನ (ಅಲ್ಯೂಮಿನಾ ಮತ್ತು ನೀರು ಸೇರಿದ ಖನಿಜ) ಅಲ್ಯೂಮಿನಾ. ಅಲ್ಯೂಮಿನಾ, ಸಿಲಿಕಾ ಎರಡೂ ಇರುವ ಕೆಯೊಲಿನೈಟ್ ಜೇಡಿಯ ಸಿಲಿಕಾ, ಅಲ್ಯೂಮಿನಾ ಕರಗಿಸಲು ಅಲ್ಲಿ ಬಳಸುವ ಕಾಸ್ಟಿಕ್ ಸೋಡಾವನ್ನು ನುಂಗಿಹಾಕುತ್ತದೆ. ಸಿಲಿಕಾ × 0.85 ಎಂಬುದು ಜೇಡಿಗೆ ಸೇರಿದ ಅಲ್ಯೂಮಿನಾ: 6 × 0.85 = 5.1. ಉಳಿದ ಅಲ್ಯೂಮಿನಾಕ್ಕೆ ಅದರ ನೀರಿನ ತೂಕವನ್ನೂ ಸೇರಿಸಲು 34.9 × 1.53 = 53% ಗಿಬ್ಸೈಟ್. ತಾಳೆಗೆ ಎಲ್‌ಒಐ ನೋಡಿ: ಗಿಬ್ಸೈಟಿನಿಂದ 18.5, 12.9% ಜೇಡಿಯಿಂದ 1.8, ಒಟ್ಟು 20.3. ವರದಿಯ 21ಕ್ಕೆ ಕಮ್ಮಿಬಿದ್ದ 0.7 ಗೊಥೈಟಿನ (ನೀರು ಸೇರಿದ ಕಬ್ಬಿಣದ ಖನಿಜ) ನೀರು. 105 ಡಿಗ್ರಿಯಲ್ಲಿ ಮೊದಲು ಒಣಗಿಸದಿದ್ದರೆ ಹಸಿಯ ನೀರೂ ಎಲ್‌ಒಐಗೆ ಸೇರಿ ಗಿಬ್ಸೈಟ್ ಹೆಚ್ಚಿದ್ದಂತೆ ಕಾಣುತ್ತದೆ.

ಸಿಲಿಕಾದ ಒಂದು ಪಾಲು ಬೆಣಚುಕಲ್ಲಿನದಾದರೆ ಈ ಲೆಕ್ಕ ಗಿಬ್ಸೈಟನ್ನು ಕಡಿಮೆ ತೋರಿಸುತ್ತದೆ. 6ರಲ್ಲಿ 4 ಬೆಣಚು ಎಂದುಕೊಂಡರೂ ಎಲ್‌ಒಐ 20.9, ಅಷ್ಟೇ ವ್ಯತ್ಯಾಸ. ಎಲ್‌ಒಐ ಇದನ್ನು ಹಿಡಿಯಲಾರದು. ಕಾಸ್ಟಿಕ್‌ನಲ್ಲಿ ಕರಗುವ ಸಿಲಿಕಾವನ್ನು ಪ್ರತ್ಯೇಕ ಅಳೆಸಬೇಕು.

ತೋಡಿನ ಹೂಳಿನ ತಾಮ್ರ

ಬಾಕ್ಸೈಟಿನದಲ್ಲದಿದ್ದರೂ ಲ್ಯಾಬ್ ವರದಿಯಲ್ಲಿ ಎಡವುವ ಇನ್ನೊಂದು ಜಾಗ ಇದು. ತೋಡಿನ ಹೂಳಿನಲ್ಲಿ ತಾಮ್ರ ಜಾಸ್ತಿ ಕಂಡರೆ ಮೊದಲು ಮೇಲಿನ ಅಡಿಕೆ ತೋಟ ನೋಡಿ. ಕೊಳೆರೋಗಕ್ಕೆ ಬಿಡುವ 1% ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು ಇದೆ, ಅದರಲ್ಲಿ ತಾಮ್ರವೇ ಸುಮಾರು 255 ಗ್ರಾಂ. ವರ್ಷ ವರ್ಷವೂ ಬಿಟ್ಟದ್ದು ಮಣ್ಣಿನ ಮೇಲ್ಪದರದಲ್ಲಿ ಕೂತು ಮಳೆಗೆ ಹೂಳಾಗಿ ಇಳಿಯುತ್ತದೆ. ತೋಟದ ಮಣ್ಣನ್ನು ಮೇಲಿನ 5 ಸೆಂಟಿಮೀಟರಿನಿಂದಲೂ 50ರ ಆಳದಿಂದಲೂ ತೆಗೆಯಿರಿ. ಆಳದಲ್ಲಿ ತಾಮ್ರ ಕುಸಿದರೆ ಅದು ಮದ್ದಿನದು. ಹೋಲಿಸಿ ನೋಡಲು, ಮದ್ದು ತಲುಪದ, ತೋಟಕ್ಕಿಂತ ಮೇಲಿನ ತೋಡಿನಿಂದಲೂ ಒಂದು ಚೀಲ ಹೂಳು ತನ್ನಿ.