ಬಿಸಿಲಿಗೆ ಸುಟ್ಟ ಮೈಗೆ ಮೊಸರು ಹಚ್ಚಬಹುದೇ?

ಪ್ರಶ್ನೆ: ರಜೆಗೆಂದು ಮಲ್ಪೆಗೆ ಹೋಗಿ ಮಧ್ಯಾಹ್ನವಿಡೀ ಮಕ್ಕಳ ಜೊತೆ ನೀರಿನಲ್ಲಿದ್ದೆ. ರಾತ್ರಿಯ ಹೊತ್ತಿಗೆ ಭುಜ, ಬೆನ್ನು, ಮೂಗು ಕೆಂಪೇರಿ ಉರಿಯತೊಡಗಿವೆ. ಬಟ್ಟೆ ತಾಗಿದರೂ ತಡೆಯಲಾಗುತ್ತಿಲ್ಲ. ಅತ್ತೆ ಮೊಸರು ಹಚ್ಚು ಎನ್ನುತ್ತಾರೆ, ನಾದಿನಿ ನಿಂಬೆಹಣ್ಣು ಎನ್ನುತ್ತಾಳೆ, ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ತಂದುಕೊಟ್ಟಿದ್ದಾರೆ. ಯಾವುದು ಸರಿ?

ಉತ್ತರ: ಈ ರಾತ್ರಿಗೆ ಮೂರೂ ಬೇಡ, ನೀರು ಸಾಕು. ಹಳೆಯ ಹತ್ತಿ ಪಂಚೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಉರಿಯುವ ಜಾಗದ ಮೇಲೆ ಹತ್ತು ಹದಿನೈದು ನಿಮಿಷ ಹಾಸಿ. ಬೆಚ್ಚಗಾದರೆ ಮತ್ತೆ ಅದ್ದಿ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಬಹುದು. ಸ್ನಾನಕ್ಕೂ ತಣ್ಣೀರೇ ಇರಲಿ. ಉರಿಯುವ ಕಡೆ ಸೋಪು ಬೇಡ, ಉಜ್ಜುವುದಂತೂ ಬೇಡವೇ ಬೇಡ. ಬೇಸಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವುದು ತಣ್ಣೀರಲ್ಲ, ಅರ್ಧ ಕಾದ ನೀರು. ಹಾಗಾಗಿ ಬೆಳಿಗ್ಗೆಯೇ ಬಕೆಟ್ ತುಂಬಿಸಿ ನೆರಳಿನಲ್ಲಿ ಇಟ್ಟುಕೊಳ್ಳಿ. ಐಸ್ ಗಡ್ಡೆಯನ್ನು ನೇರವಾಗಿ ಒತ್ತಬೇಡಿ. ಮೊದಲೇ ಘಾಸಿಗೊಂಡ ಚರ್ಮಕ್ಕೆ ಅಷ್ಟು ಚಳಿ ತಾಗಿದರೆ ಅದೇ ಇನ್ನೊಂದು ಗಾಯವಾಗುತ್ತದೆ.

ಇಂಥ ಸಪ್ಪೆ ಉತ್ತರ ಯಾರಿಗೂ ರುಚಿಸುವುದಿಲ್ಲ, ಗೊತ್ತು. ಆದರೆ ಮೈಗೆ ಏನಾಗಿದೆ ಎಂಬುದನ್ನು ಸ್ವಲ್ಪ ನೋಡಿ. ಕಾವಲಿ ತಾಗಿ ಕೈ ಸುಟ್ಟರೆ ಆ ಕ್ಷಣವೇ ಚುರ್ರೆನ್ನುತ್ತದೆ, ನಾವು ಕೈ ಹಿಂದೆಗೆಯುತ್ತೇವೆ. ಬಿಸಿಲಿನ ಸುಡುವಿಕೆ ಹಾಗಲ್ಲ. ಇದನ್ನು ಮಾಡುವುದು ಶಾಖವಲ್ಲ, ನೇರಳಾತೀತ ಕಿರಣಗಳು. ಅವು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯೆನಿಸುವುದೂ ಇಲ್ಲ. ಚರ್ಮದ ಮೇಲ್ಪದರದ ಕೋಶಗಳೊಳಗಿನ ಡಿಎನ್‌ಎಗೆ ಪೆಟ್ಟು ಕೊಟ್ಟು ಹೋಗುತ್ತವೆ. ಆ ಕೋಶಗಳು ಅಪಾಯದ ಸಂಕೇತ ಕಳುಹಿಸಿ, ರಕ್ತನಾಳಗಳು ಹಿಗ್ಗಿ, ಕೆಂಪು ಮತ್ತು ಉರಿ ಕಾಣಿಸಿಕೊಳ್ಳಲು ಮೂರರಿಂದ ಆರು ಗಂಟೆ ಬೇಕು. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ನಡುವೆ ಉರಿ ತುತ್ತತುದಿಗೆ ಏರುತ್ತದೆ. ಅಂದರೆ ನಿಮಗೆ ನಾಳೆ ಇವತ್ತಿಗಿಂತ ಹೆಚ್ಚು ನೋವಿರಬಹುದು. ಮೂರನೆಯ ದಿನ ತಾನಾಗಿಯೇ ಇಳಿಯತೊಡಗುತ್ತದೆ. ಆ ದಿನ ಯಾವುದನ್ನು ಹಚ್ಚಿದ್ದೀರೋ ಅದಕ್ಕೆ ಹೆಸರು ಬರುತ್ತದೆ. ನಮ್ಮ ಮನೆಮದ್ದುಗಳಲ್ಲಿ ಅರ್ಧದಷ್ಟು ಕೀರ್ತಿ ಗಳಿಸಿರುವುದು ಹೀಗೆಯೇ ಎಂದು ನನ್ನ ಗುಮಾನಿ.

ಈಗ ಮೊಸರು. ತಂಪು ಕೊಡುತ್ತದೆ, ನಿಜ. ಆದರೆ ಆ ತಂಪು ಅದರಲ್ಲಿರುವ ನೀರಿನದು ಮತ್ತು ಫ್ರಿಜ್ಜಿನದು. ಸುಟ್ಟ ಚರ್ಮವನ್ನು ಅದು ಬೇಗ ಗುಣಪಡಿಸುತ್ತದೆ ಎನ್ನಲು ಆಧಾರವಿಲ್ಲ. ಚರ್ಮ ಎಲ್ಲೂ ಒಡೆದಿಲ್ಲ, ಗುಳ್ಳೆ ಎದ್ದಿಲ್ಲ ಎಂದಾದರೆ ಅತ್ತೆಯ ಮಾತು ಮೀರುವ ಕಷ್ಟವೇಕೆ, ನಾಳೆ ತೆಳುವಾಗಿ ಸವರಿ ಹತ್ತು ನಿಮಿಷಕ್ಕೆ ತೊಳೆದುಬಿಡಿ. ಹುಳಿ ಮೊಸರು ಬೇಡ. ಗುಳ್ಳೆ ಒಡೆದಿದ್ದರೆ ಮಾತ್ರ ಯಾರು ಹೇಳಿದರೂ ಹಚ್ಚಬೇಡಿ. ಬ್ಯಾಕ್ಟೀರಿಯಾ ತುಂಬಿದ ಪದಾರ್ಥವನ್ನು ತೆರೆದ ಗಾಯಕ್ಕೆ ಹಾಕಿದಂತಾಗುತ್ತದೆ.

ನಿಂಬೆಹಣ್ಣಿನ ವಿಷಯದಲ್ಲಿ ನನಗೆ ಇಷ್ಟು ಸಮಾಧಾನವಿಲ್ಲ. ಅದರ ಆಮ್ಲ ಉರಿಯನ್ನು ಹೆಚ್ಚಿಸುತ್ತದೆ ಎಂಬುದು ಸಣ್ಣ ಮಾತು. ನಿಂಬೆ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಸೋರಲೆನ್ ಗುಂಪಿನ ರಾಸಾಯನಿಕಗಳಿವೆ. ಇವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಬಿಸಿಲಿನ ಪೆಟ್ಟು ಹಲವು ಪಟ್ಟು ಹೆಚ್ಚುತ್ತದೆ. ಕೆಲವರಿಗೆ ದೊಡ್ಡ ಗುಳ್ಳೆಗಳೇ ಏಳುತ್ತವೆ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಂದು ಕಲೆ ಉಳಿಯುತ್ತದೆ. ತೊನ್ನಿನ ಚಿಕಿತ್ಸೆಯಲ್ಲಿ ಬಾವಂಚಿ ಬೀಜವನ್ನು ಹಚ್ಚಿ ಬಿಸಿಲಿಗೆ ಕೂರಿಸುವ ಹಳೆಯ ಪದ್ಧತಿ ನಿಂತಿರುವುದು ಇದೇ ಸೋರಲೆನ್‌ನ ಮೇಲೆ. ಅಲ್ಲಿ ಚರ್ಮ ಕಪ್ಪಾಗಲೆಂದೇ ಹಚ್ಚುತ್ತಾರೆ. ಕಪ್ಪು ಹೋಗಲೆಂದು ನಿಂಬೆ ಉಜ್ಜಿಕೊಂಡು ಮರುದಿನ ಮತ್ತೆ ಬಿಸಿಲಿಗೆ ಹೋಗುವವರು ಅದನ್ನೇ ತಿಳಿಯದೆ ಮಾಡುತ್ತಿದ್ದಾರೆ.

ನಾದಿನಿಯ ಸಲಹೆಯ ಹಿಂದಿರುವುದು ಉರಿಯ ಚಿಂತೆಯಲ್ಲ, ಬಣ್ಣದ ಚಿಂತೆ. ನಮ್ಮ ಮನೆಗಳಲ್ಲಿ ಬಿಸಿಲಿಗೆ ಸುಟ್ಟು ಬಂದವರನ್ನು ಕಂಡ ಕೂಡಲೇ ಬರುವ ಮೊದಲ ಮಾತು 'ಎಷ್ಟು ಕಪ್ಪಾಗಿಬಿಟ್ಟೆ' ಎಂಬುದೇ. ಅದರ ಬೆನ್ನಿಗೆ ಕಡಲೆಹಿಟ್ಟು, ಸಕ್ಕರೆ, ಟೊಮೆಟೊ, ಅಡುಗೆ ಸೋಡಾ ಎಲ್ಲವೂ ಬರುತ್ತವೆ. ಗಾಯವಾದ ಚರ್ಮವನ್ನು ಕಡಲೆಹಿಟ್ಟಿನಿಂದ ತಿಕ್ಕಿದರೆ ಗಾಯ ಹೆಚ್ಚುತ್ತದೆ, ಮತ್ತು ನಮ್ಮಂಥ ಗೋಧಿ ಅಥವಾ ಕಂದು ಬಣ್ಣದವರಲ್ಲಿ ಗಾಯ ಹೆಚ್ಚಿದಷ್ಟೂ ಅದು ಬಿಟ್ಟುಹೋಗುವ ಕಲೆ ಗಾಢವಾಗುತ್ತದೆ. ಕನಿಷ್ಠ ಒಂದು ವಾರ ಬಣ್ಣವನ್ನು ಅದರ ಪಾಡಿಗೆ ಬಿಡಿ.

ಕೊಬ್ಬರಿ ಎಣ್ಣೆಯನ್ನು ಎಸೆಯಬೇಡಿ, ಮುಂದಕ್ಕೆ ಹಾಕಿ. ಮೊದಲ ದಿನ ಎಣ್ಣೆ, ತುಪ್ಪ, ಬೆಣ್ಣೆಯಂಥ ದಪ್ಪ ಜಿಡ್ಡು ಬಳಿದರೆ ಬಿಸಿ ಹೊರಹೋಗಲು ತಡೆಯಾಗುತ್ತದೆ. ನಾಲ್ಕೈದು ದಿನಗಳ ಮೇಲೆ ಚರ್ಮ ಸುಲಿಯತೊಡಗಿ ಬಿಗಿಯುವಾಗ, ಒದ್ದೆ ಮೈಗೆ ಎರಡು ಹನಿ ಸವರಿದರೆ ಹಿತವಾಗಿರುತ್ತದೆ. ಸುಲಿಯುವ ಸಿಪ್ಪೆಯನ್ನು ಕಿತ್ತು ತೆಗೆಯಬಾರದು. ಮಕ್ಕಳಿಗೆ ಇದೊಂದು ಆಟವೇ ಆಗಿಬಿಡುತ್ತದೆ.

ಮನೆಮದ್ದೇ ಬೇಕೆಂದರೆ ನಾನು ಲೋಳೆಸರದ ಕಡೆ ಕೈ ಚಾಚುತ್ತೇನೆ. ಕುಂಡದಲ್ಲಿದ್ದರೆ ದಪ್ಪ ಎಲೆಯೊಂದನ್ನು ಕತ್ತರಿಸಿ, ತಕ್ಷಣ ಹಚ್ಚದೆ, ಕತ್ತರಿಸಿದ ತುದಿ ಕೆಳಗಾಗುವಂತೆ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಹಳದಿ ಬಣ್ಣದ ಕಹಿ ರಸ ಸೋರುತ್ತದೆ. ತುರಿಕೆ, ಕೆರೆತ ತರುವುದು ಅದೇ. ಆಮೇಲೆ ತೊಳೆದು, ಸಿಪ್ಪೆ ಹೆರೆದು, ಒಳಗಿನ ಪಾರದರ್ಶಕ ಲೋಳೆಯನ್ನಷ್ಟೇ ಹಚ್ಚಿ. ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಸವರಿ ನೋಡುವುದು ಒಳ್ಳೆಯದು, ಕೆಲವರಿಗೆ ಒಗ್ಗುವುದಿಲ್ಲ. ಇದು ಹಿತ ಕೊಡುತ್ತದೆ, ಪವಾಡ ಮಾಡುವುದಿಲ್ಲ. ಸೌತೆಕಾಯಿ ಹೋಳು, ತೇಯ್ದ ಗಂಧ ಇವೂ ಅದೇ ಸಾಲಿನವು. ಟೂತ್‌ಪೇಸ್ಟ್ ಮಾತ್ರ ಬಾಯಿಗೇ ಇರಲಿ.

ಹೊರಗಿನಷ್ಟೇ ಒಳಗೂ ನೀರು ಬೇಕು: ಎಳನೀರು, ಉಪ್ಪು ಬೆರೆಸಿದ ನೀರು ಮಜ್ಜಿಗೆ, ಪಾನಕ. ನಿದ್ರೆ ಬಾರದಷ್ಟು ನೋವಿದ್ದರೆ ದೊಡ್ಡವರು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೆನ್ ಉರಿಯೂತಕ್ಕೂ ಕೆಲಸ ಮಾಡುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಹುಣ್ಣು ಇರುವವರಿಗೆ, ಗರ್ಭಿಣಿಯರಿಗೆ, ಮೈಯಲ್ಲಿ ನೀರು ಬತ್ತಿದವರಿಗೆ ಸಲ್ಲದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

'ನಮ್ಮ ಬಣ್ಣದವರಿಗೆ ಬಿಸಿಲು ಸುಡುವುದಿಲ್ಲ' ಎಂಬ ನಂಬಿಕೆಯನ್ನು ನಿಮ್ಮ ಬೆನ್ನೇ ಸುಳ್ಳು ಮಾಡಿದೆ. ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಅಷ್ಟೆ; ಮುಟ್ಟಿದರೆ ಬಿಸಿ, ಬಿಗಿತ, ಉರಿ ಎಲ್ಲವೂ ಇರುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ಹನ್ನೆರಡೂವರೆಯ ಸುಮಾರಿಗೆ ಸೂರ್ಯ ಉಡುಪಿಯ ನೇರ ನೆತ್ತಿಗೆ ಬರುತ್ತಾನೆ. ನೆರಳು ಕಾಲಡಿಯಲ್ಲೇ ಅಡಗುತ್ತದೆ. ನಿಮ್ಮ ನೆರಳು ನಿಮಗಿಂತ ಕುಳ್ಳಗಿರುವಷ್ಟು ಹೊತ್ತೂ ಈ ಕಿರಣಗಳು ಜೋರಾಗಿರುತ್ತವೆ ಎಂದೇ ಲೆಕ್ಕ. ನೀರಿನಲ್ಲಿದ್ದರೆ ತಂಪು, ಆದ್ದರಿಂದ ಸುಡುವುದಿಲ್ಲ ಎಂಬುದೂ ಭ್ರಮೆ: ಅರ್ಧ ಮೀಟರ್ ಆಳದಲ್ಲೂ ಮೇಲಿನ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ 40ರಷ್ಟು ತಲುಪುತ್ತದೆ. ತಂಪು ಗಾಳಿಯ ಮುಳ್ಳಯ್ಯನಗಿರಿಗೆ ಚಾರಣ ಹೋದವರೂ ಮೋಸ ಹೋಗುವುದು ಹೀಗೆಯೇ.

ಬೆನ್ನಿನ ತುಂಬ ಗುಳ್ಳೆ ಎದ್ದರೆ, ಜ್ವರ, ನಡುಕ, ವಾಂತಿ, ತಲೆಸುತ್ತು ಬಂದರೆ, ಗಾಯದಲ್ಲಿ ಕೀವು ಕಂಡರೆ, ಕಣ್ಣು ನೋಯುತ್ತಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಿ. ವರ್ಷ ತುಂಬದ ಮಗುವಾದರೆ ಯಾವುದಕ್ಕೂ ಕಾಯಬೇಡಿ.

ಜೊತೆಯಲ್ಲಿದ್ದವರಿಗೆಲ್ಲ ಏನೂ ಆಗದೆ ನಿಮಗೊಬ್ಬರಿಗೇ ಹೀಗೆ ಸುಟ್ಟಿದ್ದರೆ ಔಷಧಿ ಡಬ್ಬಿಯನ್ನೂ ಒಮ್ಮೆ ನೋಡಿ. ಮೊಡವೆಗೆ, ಕರಾವಳಿ ಮಲೆನಾಡಿನಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡದ ಕೆಲವು ಮಾತ್ರೆಗಳಲ್ಲಿರುವ ಹೈಡ್ರೋಕ್ಲೋರೋಥಯಜೈಡ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳೂ ಅಷ್ಟೇ, ಚರ್ಮವನ್ನು ತೆಳ್ಳಗೆ ಮಾಡಿರುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಆ ಕ್ರೀಮಿನ ಟ್ಯೂಬನ್ನೂ ಚೀಲದಲ್ಲಿ ಹಾಕಿಕೊಳ್ಳಿ.