ಸಿಸ್‌ಪ್ಲಾಟಿನ್ ಕೋಶದೊಳಗೆ ಹೋಗೋದು ಯಾವ ದಾರೀಲಿ?

ಒಂದು ಪ್ಲಾಟಿನಂ, ಎರಡು ಕ್ಲೋರಿನ್, ಎರಡು ಅಮೋನಿಯಾ. ಎಲ್ಲಾ ಸೇರಿಸಿ ಎಣಿಸಿದ್ರೆ 11 ಪರಮಾಣು, ಅಷ್ಟೇ. ಸಿಸ್‌ಪ್ಲಾಟಿನ್ ಅನ್ನೋ ಕ್ಯಾನ್ಸರ್ ಔಷಧಿ ಇಷ್ಟು ಚಿಕ್ಕದು. 1978ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ತು, ಅದಾದ್ಮೇಲೆ ವೃಷಣದ ಕ್ಯಾನ್ಸರ್ ಅನ್ನೋದು ಬಹುಪಾಲು ಗುಣ ಆಗೋ ಕಾಯಿಲೆ ಆಯ್ತು. ಆದ್ರೆ ವಿಚಿತ್ರ ಏನಪ್ಪಾ ಅಂದ್ರೆ ಇದು ಜೀವಕೋಶದೊಳಗೆ ಹೋದ್ಮೇಲೆ ಏನು ಮಾಡುತ್ತೆ ಅಂತ ಪರಮಾಣು ಪರಮಾಣು ಲೆಕ್ಕದಲ್ಲಿ ಹೇಳೋ ಕೆಮಿಸ್ಟ್‌ಗಳು, ಒಳಗೆ ಹೋಗೋದಾದ್ರೂ ಹೇಗೆ ಅಂತ ಕೇಳಿದ್ರೆ ಬಹಳ ವರ್ಷ "ಹಾಗೇ ನುಸುಳಿಕೊಂಡು ಹೋಗುತ್ತೆ" ಅಂತ ಹೇಳಿ ಮುಂದಕ್ಕೆ ಹೋಗ್ಬಿಡ್ತಿದ್ರು. ಈ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ.

ಮೊದ್ಲಿಂದ ಹೇಳ್ತೀನಿ. ಈ ವಸ್ತು ಹೊಸದಲ್ಲ. 1844ರಲ್ಲೇ ಇಟಲಿಯ ಮಿಕೆಲೆ ಪೆಯ್ರೋನೆ ಇದನ್ನ ತಯಾರು ಮಾಡಿದ್ದ, "ಪೆಯ್ರೋನೆ ಲವಣ" ಅಂತಾನೇ ಹೆಸರಿತ್ತು. ಅದರ ರಚನೆ ಹೇಗಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಯಾಕಂದ್ರೆ ಲೋಹದ ಸುತ್ತ ಬೇರೆ ಅಣುಗಳು ಹೇಗೆ ಅಂಟಿಕೊಂಡಿರ್ತವೆ ಅನ್ನೋ ಕಲ್ಪನೆಯೇ ಆಗ ಇರ್ಲಿಲ್ಲ. ಅದನ್ನ ಕೊಟ್ಟಿದ್ದು ಆಲ್‌ಫ್ರೆಡ್ ವೆರ್ನರ್, 1893ರಲ್ಲಿ. ಲೋಹ ನಡುವೆ, ಅದರ ಸುತ್ತ ಇಂತಿಷ್ಟೇ ಜಾಗ, ಆ ಜಾಗಗಳಲ್ಲಿ ಕೂತ್ಕೊಳ್ಳೋ ಅಣುಗಳಿಗೆ ನಾವೀಗ ಲಿಗ್ಯಾಂಡ್ ಅಂತೀವಿ, ಇಡೀ ಕುಟುಂಬಕ್ಕೆ ಲೋಹ ಸಂಕೀರ್ಣ ಅಂತೀವಿ. ವೆರ್ನರ್‌ಗೆ 1913ರಲ್ಲಿ ನೊಬೆಲ್ ಬಂತು. ಪ್ಲಾಟಿನಂ ಸುತ್ತ ನಾಲ್ಕು ಜಾಗ ಚೌಕದ ಮೂಲೆಗಳ ತರ ಇವೆ, ಎರಡು ಕ್ಲೋರಿನ್ ಒಂದೇ ಪಕ್ಕದಲ್ಲಿದ್ರೆ ಸಿಸ್, ಎದುರುಬದುರು ಇದ್ರೆ ಟ್ರಾನ್ಸ್ ಅಂತ ಆಗ್ಲೇ ತೀರ್ಮಾನ ಆಗಿತ್ತು.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಜೂರಿಕ್‌ನಲ್ಲಿ ಚಾರ್ಲ್ಸ್ ಓವರ್ಟನ್ ಅನ್ನೋರು ಪೂರ್ತಿ ಬೇರೆ ಕೆಲಸ ಮಾಡ್ತಿದ್ರು. ಗಿಡಗಳ ಕೋಶ, ಗೊದಮೊಟ್ಟೆ ಇವನ್ನೆಲ್ಲಾ ನೂರಾರು ಬೇರೆ ಬೇರೆ ರಾಸಾಯನಿಕಗಳ ದ್ರಾವಣದಲ್ಲಿ ಹಾಕಿ ಯಾವುದು ಕೋಶದೊಳಗೆ ಬೇಗ ಹೋಗುತ್ತೆ ಯಾವುದು ಹೋಗಲ್ಲ ಅಂತ ನೋಡೋದು. ಅವರಿಗೆ ಕಂಡಿದ್ದು ಇಷ್ಟು: ಎಣ್ಣೇಲಿ ಚೆನ್ನಾಗಿ ಕರಗೋದು ಬೇಗ ಒಳಗೆ ಹೋಗುತ್ತೆ, ನೀರಲ್ಲಿ ಮಾತ್ರ ಕರಗೋದು ಹೊರಗೇ ನಿಲ್ಲುತ್ತೆ. ಅಂದ್ರೆ ಕೋಶದ ಸುತ್ತ ಕೊಬ್ಬಿನಂಥ ಏನೋ ಒಂದು ಹೊದಿಕೆ ಇರ್ಬೇಕು. 1925ರಲ್ಲಿ ನೆದರ್‌ಲ್ಯಾಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬು ತೆಗೆದು ನೀರಿನ ಮೇಲೆ ಹರಡಿ ಅಳೆದ್ರು, ಕಣದ ಮೇಲ್ಮೈಗೆ ಹೋಲಿಸಿದ್ರೆ ಎರಡು ಪಟ್ಟು ಬಂತು, ಅಂದ್ರೆ ಹೊದಿಕೆ ಎರಡು ಪದರ. ತಮಾಷೆ ಅಂದ್ರೆ ಅವರ ಲೆಕ್ಕದಲ್ಲಿ ಎರಡು ತಪ್ಪಿತ್ತು, ಕೊಬ್ಬು ಪೂರ್ತಿ ತೆಗೆದಿರ್ಲಿಲ್ಲ, ಮೇಲ್ಮೈಯನ್ನೂ ಕಮ್ಮಿ ಅಳೆದಿದ್ರು, ಎರಡು ತಪ್ಪೂ ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂತು! ಪರೀಕ್ಷೇಲಿ ನಮಗೂ ಹೀಗಾಗಿದ್ರೆ ಅಂತ ನನಗೆ ಆಸೆ ಆಗಿದ್ದುಂಟು.

ಈ ಪೊರೆ ದಪ್ಪ ಬರೀ 4ರಿಂದ 5 ನ್ಯಾನೋಮೀಟರ್. ಆದ್ರೆ ಚಾರ್ಜ್ ಇರೋ ಲೋಹದ ಅಯಾನಿಗೆ ಅದು ಕೋಟೆ ಗೋಡೆ. ನಡುವಿನ ಎಣ್ಣೆಯಂಥ ಭಾಗಕ್ಕೆ ಇಳಿಬೇಕು ಅಂದ್ರೆ ಅಯಾನು ತನ್ನ ಸುತ್ತ ಇರೋ ನೀರನ್ನ ಬಿಟ್ಟು ಬರ್ಬೇಕು, ಅದಕ್ಕೆ ಬೇಕಾಗೋ ಶಕ್ತಿ ಬಹಳ ಜಾಸ್ತಿ.

ಹೀಗೆ ಲೋಹದ ಕೆಮಿಸ್ಟ್ರಿ ಒಂದು ಕಡೆ, ಪೊರೆ ಬಗ್ಗೆ ತಿಳುವಳಿಕೆ ಇನ್ನೊಂದು ಕಡೆ, ಎರಡೂ ದಶಕಗಟ್ಟಲೆ ಮುಖ ನೋಡ್ದೆ ಬೆಳೆದ್ವು. ನಡುವೆ ಆಸ್ಟ್ರೇಲಿಯಾದ ಫ್ರಾನ್ಸಿಸ್ ಡ್ವಯರ್ ಒಬ್ರು ಮಾತ್ರ 1950ರ ದಶಕದಲ್ಲೇ ರುಥೇನಿಯಂ ಸಂಕೀರ್ಣಗಳನ್ನ ಇಲಿಗಳಿಗೆ, ಬ್ಯಾಕ್ಟೀರಿಯಾಗಳಿಗೆ ಕೊಟ್ಟು ನೋಡಿದ್ರು. ಲಿಗ್ಯಾಂಡಿಗೆ ಇನ್ನೂ ನಾಕು ಮೀಥೈಲ್ ಗುಂಪು ಅಂಟಿಸಿ ಸ್ವಲ್ಪ ಜಿಡ್ಡು ಜಾಸ್ತಿ ಮಾಡಿದ್ರೆ ಬ್ಯಾಕ್ಟೀರಿಯಾ ಮೇಲೆ ಪರಿಣಾಮ ಜೋರಾಗುತ್ತೆ ಅಂತ ಅವರಿಗೆ ಗೊತ್ತಾಗಿತ್ತು. ಲೋಹ ಅದೇ, ಚಾರ್ಜ್ ಅದೇ, ಹೊರಗಿನ ಬಟ್ಟೆ ಮಾತ್ರ ಬೇರೆ. ನನ್ನ ಪ್ರಕಾರ ಈ ಇಡೀ ಕಥೆಯ ಬೀಜ ಅಲ್ಲೇ ಇತ್ತು, ಆದ್ರೆ ಡ್ವಯರ್ 1962ರಲ್ಲಿ ತೀರಿಕೊಂಡ್ರು, ಆ ಕೆಲಸ ಬಹಳ ಕಾಲ ಮೂಲೆ ಸೇರಿತು.

ಆಮೇಲೆ ಬಂದಿದ್ದು ಬಾರ್ನೆಟ್ ರೋಸೆನ್‌ಬರ್ಗ್. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದ್ದ ಇವರು ಫಿಸಿಕ್ಸ್ ಓದಿದವರು, ಕೋಶ ಎರಡಾಗೋವಾಗ ಕಾಣೋ ಗೆರೆಗಳು ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ನಿಲ್ಲೋ ತರ ಇವೆಯಲ್ಲಾ ಅಂತ ಅನ್ನಿಸಿ, ಬ್ಯಾಕ್ಟೀರಿಯಾ ಬೆಳೀತಿರೋ ದ್ರಾವಣಕ್ಕೆ ಕರೆಂಟ್ ಹಾಯಿಸಿ ನೋಡಿದ್ರು. ಬ್ಯಾಕ್ಟೀರಿಯಾ ಎರಡಾಗೋದು ನಿಲ್ಲಿಸಿ ಮಾಮೂಲಿಗಿಂತ 300 ಪಟ್ಟು ಉದ್ದದ ದಾರದ ತರ ಬೆಳೆದ್ವು. ಕಾರಣ ಕರೆಂಟ್ ಅಲ್ಲ. ಯಾವುದಕ್ಕೂ ಕರಗಲ್ಲ ಅಂತ ನಂಬಿ ಹಾಕಿದ್ದ ಪ್ಲಾಟಿನಂ ಎಲೆಕ್ಟ್ರೋಡ್ ಚೂರು ಚೂರೇ ಕರಗಿ, ದ್ರಾವಣದಲ್ಲಿದ್ದ ಅಮೋನಿಯಂ ಕ್ಲೋರೈಡ್ ಜೊತೆ ಸೇರಿ ಪ್ಲಾಟಿನಂ ಸಂಕೀರ್ಣಗಳಾಗಿದ್ವು, ಅದ್ರಲ್ಲಿ ಹಳೇ ಪೆಯ್ರೋನೆ ಲವಣ ಬಲು ಪರಿಣಾಮಕಾರಿ. 1965ರಲ್ಲಿ ಮೊದಲ ವರದಿ, 1969ರಲ್ಲಿ ಇಲಿಗಳ ಗಡ್ಡೆ ಕರಗಿದ ವರದಿ.

ಮುಂದಿನ ಇಪ್ಪತ್ತು ವರ್ಷ ಎಲ್ಲರ ಕಣ್ಣು ಡಿಎನ್ಎ ಮೇಲೆ. ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಮಿಲಿಮೋಲಾರ್ ಇರೋದ್ರಿಂದ ಸಿಸ್‌ಪ್ಲಾಟಿನ್‌ನ ಕ್ಲೋರಿನ್‌ಗಳು ಕಳಚಲ್ಲ, ಕೋಶದೊಳಗೆ ಕ್ಲೋರೈಡ್ ತುಂಬಾ ಕಮ್ಮಿ, ಅಲ್ಲಿ ಕ್ಲೋರಿನ್ ಕಳಚಿ ಆ ಜಾಗಕ್ಕೆ ನೀರು ಬಂದು ಕೂರುತ್ತೆ, ಅಣುವಿಗೆ ಪಾಸಿಟಿವ್ ಚಾರ್ಜ್ ಬರುತ್ತೆ, ಹೋಗಿ ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗಳಿಗೆ ಅಂಟಿ ಅದನ್ನ ಬಗ್ಗಿಸುತ್ತೆ. ಚಂದದ ಕಥೆ, ನಿಜಾನೂ ಹೌದು. ಆದ್ರೆ ಒಳಗೆ ಹೋದ ಪ್ಲಾಟಿನಂನಲ್ಲಿ ಡಿಎನ್ಎ ತನಕ ಮುಟ್ಟೋದು ನೂರಕ್ಕೆ ಒಂದು ಪಾಲಿನಷ್ಟು ಅಂತಾರೆ, ಒಳಗೇ ಬರದೆ ಇರೋದು ಇನ್ನೆಷ್ಟೋ. ಔಷಧಿಗೆ ಜಗ್ಗದ ಗಡ್ಡೆಗಳ ಕೋಶಗಳನ್ನ ನೋಡಿದ್ರೆ ಸುಮಾರು ಸಲ ಒಳಗಿರೋ ಪ್ಲಾಟಿನಂ ಪ್ರಮಾಣವೇ ಕಮ್ಮಿ ಇರ್ತಿತ್ತು. ಅಂದ್ರೆ ಸಮಸ್ಯೆ ಇದ್ದಿದ್ದು ಡಿಎನ್ಎಯಲ್ಲಲ್ಲ, ಪೊರೆಯಲ್ಲಿ!

2002ರಲ್ಲಿ ಒಂದು ಸಣ್ಣ ಸ್ಫೋಟ ಆಯ್ತು. ಯೀಸ್ಟ್‌ನಲ್ಲಿ ತಾಮ್ರವನ್ನ ಒಳಗೆ ಸಾಗಿಸೋ ಸಿಟಿಆರ್1 ಅನ್ನೋ ಪ್ರೋಟೀನ್ ತೆಗೆದುಹಾಕಿದ್ರೆ ಸಿಸ್‌ಪ್ಲಾಟಿನ್ ಒಳಗೆ ಹೋಗೋದೂ ಕಮ್ಮಿ ಆಗುತ್ತೆ ಅಂತ ಗೊತ್ತಾಯ್ತು. ಪ್ಲಾಟಿನಂ ತಾಮ್ರದ ಟಿಕೆಟ್ ಇಟ್ಕೊಂಡು ಪ್ರಯಾಣ ಮಾಡ್ತಿದೆ ಅಂತ ಎಲ್ಲರಿಗೂ ಖುಷಿ. ಆಮೇಲೆ ಬಂದ ಕೆಲವು ಪ್ರಯೋಗಗಳಲ್ಲಿ ಆ ಪ್ರೋಟೀನ್ ಇಲ್ಲದ ಕೋಶಗಳಲ್ಲೂ ಅಂಥಾ ವ್ಯತ್ಯಾಸ ಕಾಣ್ಲಿಲ್ಲ, ಜಗಳ ಶುರುವಾಯ್ತು, ಇನ್ನೂ ಮುಗಿದಿಲ್ಲ. 2015ರಲ್ಲಿ ಇನ್ನೊಂದು ದಾರಿ ಸಿಕ್ತು, ಕೋಶ ಊದಿಕೊಂಡಾಗ ಅಯಾನುಗಳನ್ನ ಹೊರಗೆ ಬಿಟ್ಟು ಗಾತ್ರ ಸರಿ ಮಾಡ್ಕೊಳ್ಳೋ ಎಲ್‌ಆರ್‌ಆರ್‌ಸಿ8 ಅನ್ನೋ ಚಾನೆಲ್. ಸಿಸ್‌ಪ್ಲಾಟಿನ್ ಅದ್ರಲ್ಲೂ ಹಾದು ಒಳಗೆ ಹೋಗುತ್ತೆ. ಇನ್ನು ಕಿಡ್ನಿ ಕೋಶಗಳಲ್ಲಿ ಒಸಿಟಿ2 ಅನ್ನೋ ಸಾಗಣೆ ಪ್ರೋಟೀನ್ ಇದೆ, ಅದು ಬೇಡ ಬೇಡ ಅಂದ್ರೂ ಸಿಸ್‌ಪ್ಲಾಟಿನ್ ಒಳಗೆಳ್ಕೊಳ್ಳುತ್ತೆ. ಈ ಔಷಧಿ ಕೊಡೋವಾಗ ಗಂಟೆಗಟ್ಟಲೆ ಸಲೈನ್ ಹಾಕೋದು ಯಾಕೆ ಅಂದ್ರೆ ಕಿಡ್ನಿ ಉಳಿಸೋಕೆ. ಅಂದ್ರೆ ದೇಹದ ಯಾವ ಭಾಗಕ್ಕೆ ಪೆಟ್ಟು ಬೀಳುತ್ತೆ ಅನ್ನೋದನ್ನೂ ಸುಮಾರಷ್ಟು ಮಟ್ಟಿಗೆ ತೀರ್ಮಾನ ಮಾಡೋದು ಪೊರೆಯೇ.

ಹಾಗಾದ್ರೆ ಕೊಬ್ಬಿನ ಪೊಟ್ಟಣದಲ್ಲೇ ಸುತ್ತಿ ಕಳಿಸೋಣ ಅಂತ ಒಂದು ಗುಂಪು ಹೊರಟಿತು. 1960ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಕೊಬ್ಬನ್ನ ನೀರಲ್ಲಿ ಕದಡಿದ್ರೆ ತಾನಾಗೇ ಪುಟ್ಟ ಗುಳ್ಳೆಗಳಾಗುತ್ತೆ ಅಂತ ತೋರಿಸಿದ್ರು, ಅದೇ ಲೈಪೋಸೋಮ್. ಡಾಕ್ಸೋರುಬಿಸಿನ್ ಅನ್ನೋ ಇನ್ನೊಂದು ಔಷಧಿಯನ್ನ ಹೀಗೆ ತುಂಬಿದ ಡಾಕ್ಸಿಲ್‌ಗೆ 1995ರಲ್ಲಿ ಅನುಮತಿ ಸಿಕ್ತು. ಅದೇ ಉಪಾಯ ಸಿಸ್‌ಪ್ಲಾಟಿನ್‌ಗೂ ಮಾಡಿದ್ರು, ಎಸ್‌ಪಿಐ-77 ಅಂತ ಹೆಸರು. ಗುಳ್ಳೆಗಳು ಗಡ್ಡೆ ತನಕ ಹೋದ್ವು, ಆದ್ರೆ ಒಳಗಿದ್ದ ಔಷಧಿ ಹೊರಗೆ ಬರಲೇ ಇಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ ಹಾಗೆ. ಬಿಗಿಯಾಗಿ ಕಟ್ಟಿದ್ರೆ ಬಿಚ್ಚಲ್ಲ, ಸಡಿಲ ಕಟ್ಟಿದ್ರೆ ದಾರೀಲೇ ಸೋರುತ್ತೆ. ಈ ತಲೆನೋವು ಇವತ್ತಿಗೂ ಪೂರ್ತಿ ಹೋಗಿಲ್ಲ.

ಲೋಹವನ್ನ ಪೊರೆ ದಾಟಿಸೋದು ಹೇಗೆ ಅಂತ ಸೂಕ್ಷ್ಮಜೀವಿಗಳಿಗೆ ಮಾತ್ರ ಯಾವಾಗ್ಲೋ ಗೊತ್ತಿತ್ತು. ವ್ಯಾಲಿನೊಮೈಸಿನ್ ಅಂತ ಒಂದಿದೆ, 1955ರಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನೋ ಬ್ಯಾಕ್ಟೀರಿಯಾದಿಂದ ತೆಗೆದಿದ್ದು, ಉಂಗುರದಂಥ ಅಣು. ಪೊಟ್ಯಾಸಿಯಂ ಅಯಾನನ್ನ ನಡುವೆ ಕೂರಿಸ್ಕೊಂಡು ತನ್ನ ಆರು ಆಕ್ಸಿಜನ್‌ಗಳನ್ನ ಒಳಮುಖ ಮಾಡಿ, ಜಿಡ್ಡಿನ ಭಾಗವನ್ನ ಹೊರಗೆ ಮಾಡಿ ಪೊರೆಯಲ್ಲಿ ಸಲೀಸಾಗಿ ಓಡಾಡುತ್ತೆ. ಸೋಡಿಯಂ ಬಂದ್ರೆ ಹತ್ತಿರ ಸೇರಿಸಲ್ಲ. 1967ರಲ್ಲಿ ಡ್ಯೂಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಇದೇ ತರ ಅಯಾನು ಹಿಡಿಯೋ ಕ್ರೌನ್ ಈಥರ್‌ಗಳ ಬಗ್ಗೆ ಬರೆದ್ರು, 1987ರಲ್ಲಿ ನೊಬೆಲ್ ಹಂಚಿಕೊಂಡ್ರು. ಲೋಹವನ್ನ ಬೆತ್ತಲೆ ಕಳಿಸ್ಬೇಡಿ, ಬಟ್ಟೆ ಹಾಕಿ ಕಳಿಸಿ ಅನ್ನೋದು ಡ್ವಯರ್ ಕಂಡಿದ್ದ ಮಾತೇ.

ಈ ಬಟ್ಟೆ ಹೊಲಿಯೋ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಆಗೋದು ಹೃದಯದ ಸ್ಕ್ಯಾನ್‌ಗೆ ಬಳಸೋ ಸೆಸ್ಟಮಿಬಿ. ನಡುವೆ ವಿಕಿರಣ ಸೂಸೋ ಟೆಕ್ನೀಶಿಯಂ, ಸುತ್ತ ಒಂದೇ ತರದ ಆರು ಲಿಗ್ಯಾಂಡ್, ಒಟ್ಟು ಚಾರ್ಜ್ ಪ್ಲಸ್ ಒಂದು. ಎಂಐಟಿಯ ಆಲನ್ ಡೇವಿಸನ್, ಹಾರ್ವರ್ಡ್‌ನ ಆಲನ್ ಜೋನ್ಸ್ ಮೊದ್ಲು ಮಾಡಿದ ಅಣು ಶ್ವಾಸಕೋಶ, ಲಿವರ್‌ನಲ್ಲೇ ಜಾಸ್ತಿ ಕೂತುಬಿಡ್ತಿತ್ತು, ಹೃದಯ ಸರಿಯಾಗಿ ಕಾಣ್ತಿರ್ಲಿಲ್ಲ. ಲಿಗ್ಯಾಂಡ್ ತುದಿಗೆ ಒಂದು ಮೀಥಾಕ್ಸಿ ಗುಂಪು ಸೇರಿಸಿ ಜಿಡ್ಡನ್ನ ಸ್ವಲ್ಪ ತಗ್ಗಿಸಿದ್ರು, ಸರಿಹೋಯ್ತು. ಚಾರ್ಜ್ ಇದ್ರೂ ಅದು ಆರು ಲಿಗ್ಯಾಂಡ್‌ಗಳ ಹಿಂದೆ ಅಡಗಿರೋದ್ರಿಂದ ಪೊರೆ ದಾಟುತ್ತೆ, ಕೋಶದ ಒಳಗಡೆ ನೆಗೆಟಿವ್, ಕೋಶಕ್ಕೆ ಶಕ್ತಿ ಒದಗಿಸೋ ಮೈಟೊಕಾಂಡ್ರಿಯಾ ಒಳಗೆ ಇನ್ನೂ ನೆಗೆಟಿವ್, ಪ್ರತಿ 60 ಮಿಲಿವೋಲ್ಟ್‌ಗೆ ಹತ್ತು ಪಟ್ಟು ಲೆಕ್ಕದಲ್ಲಿ ಒಳಗೆ ಸೇರ್ಕೊಳ್ಳುತ್ತೆ. ಹೃದಯದ ಸ್ನಾಯುವಲ್ಲಿ ಮೈಟೊಕಾಂಡ್ರಿಯಾ ರಾಶಿ ರಾಶಿ, ಅದಕ್ಕೇ ಅಲ್ಲಿ ಹೊಳೆಯುತ್ತೆ. 1990ರಲ್ಲಿ ಅನುಮತಿ ಬಂತು.

ಇಲ್ಲಿವರೆಗೂ ಪೊರೆ ಅಂದ್ರೆ ದಾಟಬೇಕಾದ ಅಡ್ಡಿ. ಅದನ್ನೇ ವಿಳಾಸ ಅಂತ ನೋಡಿದ್ದು ಆಮೇಲೆ. ಆರೋಗ್ಯವಾಗಿರೋ ಕೋಶದ ಪೊರೆಯಲ್ಲಿ ಫಾಸ್ಫಟಿಡೈಲ್‌ಸೆರಿನ್ ಅನ್ನೋ ನೆಗೆಟಿವ್ ಚಾರ್ಜಿನ ಕೊಬ್ಬು ಯಾವಾಗ್ಲೂ ಒಳಪದರದಲ್ಲಿ ಇರುತ್ತೆ, ಕೋಶ ಸಾಯೋಕೆ ಶುರುವಾದಾಗ ಅದು ಹೊರಗೆ ಬರುತ್ತೆ, ಅದನ್ನ ನೋಡಿ ಮ್ಯಾಕ್ರೊಫೇಜ್ ಅನ್ನೋ ಕಸ ಗುಡಿಸೋ ಕೋಶಗಳು ಬಂದು ಕೋಶವನ್ನ ನುಂಗುತ್ವೆ. 1990ರ ದಶಕದಿಂದ ಇದನ್ನ ಗುರುತಿಸೋಕೆ ಅನೆಕ್ಸಿನ್ ಅನ್ನೋ ಪ್ರೋಟೀನ್ ಬಳಸ್ತಿದ್ರು, ಅದು ಕೊಬ್ಬಿಗೆ ಅಂಟೋದು ನಡುವೆ ಕ್ಯಾಲ್ಸಿಯಂ ಸೇತುವೆ ಇದ್ರೆ ಮಾತ್ರ. ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್‌ಗಳೂ ಇದೇ ಕ್ಯಾಲ್ಸಿಯಂ ಉಪಾಯದಿಂದಲೇ ಪೊರೆಗೆ ಅಂಟೋದು. ಅಂದ್ರೆ ಪೊರೆ ಮೇಲೆ ಲೋಹ ಸಂಕೀರ್ಣ ಕಟ್ಟೋದು ದೇಹಕ್ಕೆ ಹಳೇ ಅಭ್ಯಾಸ.

ಅಮೆರಿಕದ ನೋಟರ್ ಡೇಮ್ ಯೂನಿವರ್ಸಿಟಿಯ ಬ್ರ್ಯಾಡ್ಲಿ ಸ್ಮಿತ್ ಗುಂಪು ಇಲ್ಲಿಂದ ಹೊರಟಿತು. ಅಷ್ಟು ದೊಡ್ಡ ಪ್ರೋಟೀನ್ ಯಾಕೆ, ಲೋಹ ಒಂದನ್ನೇ ಇಟ್ಕೊಂಡ್ರೆ ಸಾಲದಾ? ಡೈಪಿಕೊಲಿಲ್‌ಅಮೀನ್ ಅನ್ನೋ ಪುಟ್ಟ ಲಿಗ್ಯಾಂಡ್ ಮೂರು ನೈಟ್ರೋಜನ್‌ಗಳಿಂದ ಸತುವನ್ನ ಹಿಡ್ಕೊಳ್ಳುತ್ತೆ, ಸತುವಿನ ಸುತ್ತ ಇನ್ನೂ ಜಾಗ ಖಾಲಿ ಇರುತ್ತೆ, ಆ ಖಾಲಿ ಜಾಗಕ್ಕೆ ಕೊಬ್ಬಿನ ಫಾಸ್ಫೇಟ್ ಬಂದು ಕೂರುತ್ತೆ. ಇಂಥ ಎರಡು ಕೈಗಳನ್ನ ಒಂದು ಹೊಳೆಯೋ ಅಣುವಿಗೆ ಜೋಡಿಸಿದ್ರು, 2003ರ ಹೊತ್ತಿಗೆ ಸಾಯ್ತಿರೋ ಕೋಶಗಳ ಮೇಲೆ ಅದು ಅಂಟೋದು ಕಂಡಿತು, ಬೇರೆ ಕ್ಯಾಲ್ಸಿಯಂ ಹಾಕೋ ಅಗತ್ಯಾನೂ ಇಲ್ಲ. ಬ್ಯಾಕ್ಟೀರಿಯಾದ ಹೊರಮೈಯೂ ನೆಗೆಟಿವ್, ಹಾಗಾಗಿ ಇಲಿಯ ಕಾಲಲ್ಲಿ ಸೋಂಕು ಎಲ್ಲಿದೆ ಅಂತ ಹೊರಗಿಂದಲೇ ಬೆಳಕಲ್ಲಿ ನೋಡೋಕೆ 2006ರಲ್ಲಿ ಇದನ್ನೇ ಬಳಸಿದ್ರು. ಹೊಳೆಯೋ ಅಣುವಿನ ಜಾಗದಲ್ಲಿ ಔಷಧಿ ಕಟ್ಟೋದು, ಲೈಪೋಸೋಮ್ ಮೈಗೆ ಈ ಸತುವಿನ ಕೈಗಳನ್ನ ಅಂಟಿಸೋದು, ಈ ದಾರೀಲಿ ಕೆಲಸ ಮುಂದುವರೀತು.

ಇಲ್ಲಿ ಲೋಹ ಯಾರನ್ನೂ ಕೊಲ್ತಿಲ್ಲ ಅನ್ನೋದನ್ನ ಗಮನಿಸಿ. ಪ್ಲಾಟಿನಂ ಒಳಗೆ ಹೋಗಿ ಹೊಡೆಯೋ ಆಯುಧ, ಸತು ಬರೀ ಕೊಕ್ಕೆ. ಹೊತ್ತು ತಂದ ಸರಕು ಬೇರೆಯದು. ತೊಂದ್ರೆಗಳೂ ಇವೆ, ರಕ್ತದಲ್ಲಿ ಫಾಸ್ಫೇಟ್ ಇರೋ ಅಣುಗಳು ಬೇಕಾದಷ್ಟಿವೆ, ಅವೂ ಆ ಖಾಲಿ ಜಾಗಕ್ಕೆ ಪೈಪೋಟಿಗೆ ಬರ್ತವೆ, ಪ್ಲಸ್ ಚಾರ್ಜ್ ಜಾಸ್ತಿ ಇರೋ ಅಣುಗಳು ಲಿವರ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದೂ ಉಂಟು, ಸತು ಲಿಗ್ಯಾಂಡ್ ಬಿಟ್ಟು ಓಡಿಹೋಗೋ ಸಾಧ್ಯತೆ ಬೇರೆ. ಪ್ಲಾಟಿನಂ ಕಡೆಯವರೂ ಸುಮ್ನೆ ಕೂತಿಲ್ಲ, ಮೇಲೊಂದು ಕೆಳಗೊಂದು ಹೆಚ್ಚುವರಿ ಲಿಗ್ಯಾಂಡ್ ಇರೋ ಪ್ಲಾಟಿನಂ(4) ಸಂಕೀರ್ಣಗಳನ್ನ ಮಾಡ್ತಾರೆ, ಆ ಎರಡು ಜಾಗಕ್ಕೆ ಜಿಡ್ಡಿನ ಬಾಲ ಅಂಟಿಸಿದ್ರೆ ಪೊರೆ ದಾಟೋದು ಸುಲಭ, ಕೋಶದೊಳಗೆ ಬಂದ್ಮೇಲೆ ಅವೆರಡೂ ಕಳಚಿ ಹಳೇ ಸಿಸ್‌ಪ್ಲಾಟಿನ್ ಉಳಿಯುತ್ತೆ. ಆ ಜಾತಿಯ ಸಾಟ್ರಾಪ್ಲಾಟಿನ್ ಮಾತ್ರೆ ರೂಪದಲ್ಲಿ ದೊಡ್ಡ ಟ್ರಯಲ್ ತನಕ ಹೋಯ್ತು, ಅಮೆರಿಕದಲ್ಲಿ ಅನುಮತಿ ಮಾತ್ರ ಸಿಗ್ಲಿಲ್ಲ.

ಇನ್ನು ಎಲ್‌ಆರ್‌ಆರ್‌ಸಿ8 ಚಾನೆಲ್ ವಿಷಯಕ್ಕೆ ವಾಪಸ್ ಬಂದ್ರೆ, 2015ರ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಪ್ಲಾಟಿನಂ ಔಷಧಿ ತಗೊಂಡ ಅಂಡಾಶಯ ಕ್ಯಾನ್ಸರ್ ರೋಗಿಗಳಲ್ಲಿ, ಯಾರ ಗಡ್ಡೆಯಲ್ಲಿ ಈ ಚಾನೆಲ್‌ನ ಡಿ ಅನ್ನೋ ಭಾಗ ಕಮ್ಮಿ ಇತ್ತೋ ಅವರು ಬದುಕುಳಿದ ಕಾಲವೂ ಕಮ್ಮಿ ಇತ್ತು.