ಹಳೇ ಕ್ಯಾಮೆರಾದ ಆರು ಪಿನ್‌ಗಳ ಗುಟ್ಟು

ಸೆಕ್ಯುರಿಟಿ ಕ್ಯಾಮೆರಾ ಸೆಟ್‌ನಲ್ಲಿ ರೆಕಾರ್ಡರೋ ಮಾನಿಟರೋ ಕೈಕೊಟ್ಟರೆ ಚೆನ್ನಾಗಿರುವ ಕ್ಯಾಮೆರಾಗಳೂ ಮೂಲೆ ಸೇರುತ್ತವೆ. ಅವುಗಳ ತುದಿಯಲ್ಲಿ ಬೇರೆಲ್ಲೂ ಹೊಂದದ ಆರು ಪಿನ್ನಿನ ದುಂಡನೆಯ ಪ್ಲಗ್ ಇರುತ್ತದೆ, ಇಲ್ಲವೇ ಟೆಲಿಫೋನ್ ವೈರಿನದ್ದರಂಥ ಪ್ಲಗ್. ಅಷ್ಟಕ್ಕೇ ಕ್ಯಾಮೆರಾವನ್ನು ಎಸೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಪ್ಲಗ್ ಮಾತ್ರ ಕಂಪನಿಯ ಸ್ವಂತದ್ದು. ಒಳಗೆ ಹರಿಯುವುದು ಹೆಚ್ಚಾಗಿ ಮಾಮೂಲಿ ಕಾಂಪೊಸಿಟ್ ವಿಡಿಯೋ (ಟಿವಿಯ ಹಳದಿ ಸಾಕೆಟ್ಟಿಗೆ ಒಂದೇ ವೈರಿನಲ್ಲಿ ಹೋಗುವ ಚಿತ್ರದ ಸಿಗ್ನಲ್), ಡಿಸಿ ಪವರ್, ಗ್ರೌಂಡ್ ಅಂದರೆ ಎಲ್ಲಕ್ಕೂ ಒಂದೇ ಆದ ಮೈನಸ್. ಕೆಲವದರಲ್ಲಿ ಮೈಕಿನ ವೈರೂ ಇರುತ್ತದೆ.

ವೈರಿನ ಬಣ್ಣವನ್ನು ಮಾತ್ರ ನಂಬಬೇಡಿ. ಶುರುವಿನ ದಿನಗಳಲ್ಲಿ ಕೆಂಪು ಅಂದರೆ ಪ್ಲಸ್ ಅಂದುಕೊಂಡು ಒಂದು ಕ್ಯಾಮೆರಾಗೆ 12 ವೋಲ್ಟ್ ಕೊಟ್ಟೆ. ಅದು ವಿಡಿಯೋ ವೈರ್ ಆಗಿತ್ತು. ವಿಡಿಯೋ ಹೊರಗೆ ಕಳಿಸುವ ಚಿಪ್ ಸುಟ್ಟುಹೋಯಿತು. ಆ ಬೇಜಾರು ಇನ್ನೂ ಹೋಗಿಲ್ಲ. ಅಂದಿನಿಂದ ಮೊದಲು ಕ್ಯಾಮೆರಾ ಬಿಚ್ಚುತ್ತೇನೆ, ಪವರ್ ಆಮೇಲೆ.

ಮೊದಲು ಹುಡುಕಬೇಕಾದ್ದು ಗ್ರೌಂಡ್. ಬೋರ್ಡಿನ ಮೇಲೆ ಡಬ್ಬಿಯಂಥ ಅಲ್ಯೂಮಿನಿಯಂ ಕೆಪಾಸಿಟರ್ ಕಾಣುತ್ತದೆ. ಅದರ ತಲೆಯ ಮೇಲೆ ಕಪ್ಪು ಗುರುತಿರುವ ಕಡೆ ಮೈನಸ್. ಪಕ್ಕದಲ್ಲೇ ಹಳದಿ ಇಟ್ಟಿಗೆಯಂಥ ಟ್ಯಾಂಟಲಮ್ ಕೆಪಾಸಿಟರ್ ಇದ್ದರೆ ಹುಷಾರು, ಅದರಲ್ಲಿ ಪಟ್ಟಿ ಇರುವ ಕಡೆ ಪ್ಲಸ್! ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಒಂದು ಕಡ್ಡಿಯನ್ನು ಪವರ್ ಬರುವ ಜಾಗದ ಕೆಪಾಸಿಟರಿನ ಮೈನಸ್‌ಗೆ ಒತ್ತಿ, ಇನ್ನೊಂದನ್ನು ಒಂದೊಂದೇ ಪಿನ್‌ಗೆ ಮುಟ್ಟಿಸಿ. ಬೀಪ್ ಅಂದದ್ದು ಗ್ರೌಂಡ್. ಎರಡು ಪಿನ್ ಬೀಪ್ ಅಂದರೆ ಗಾಬರಿ ಬೇಡ. ಪವರಿಗೊಂದು, ವಿಡಿಯೋಗೊಂದು ಗ್ರೌಂಡ್ ಕೊಡುವುದು ಮಾಮೂಲು. ಕೇಬಲ್ ಸೀಳಿದಾಗ ಯಾವುದಾದರೂ ವೈರಿಗೆ ಸಣ್ಣ ತಂತಿಯ ಜಾಲರಿ ಸುತ್ತಿದ್ದರೆ ಅದೇ ವಿಡಿಯೋ ಇರಬಹುದು.

ಅದನ್ನು ಖಚಿತ ಮಾಡಿಕೊಳ್ಳಲು ನನಗೆ ತುಂಬಾ ಇಷ್ಟವಾದ ಸುಳಿವೊಂದಿದೆ. ಕಾಂಪೊಸಿಟ್ ವಿಡಿಯೋ 75 ಓಮ್ ಲೈನಿಗೆಂದೇ ಮಾಡಿದ್ದು. ಹಾಗಾಗಿ ವಿಡಿಯೋ ಪಿನ್ನಿನ ಹಿಂದೆ, ಸಿಗ್ನಲ್ ಹೊರಬರುವ ದಾರಿಯಲ್ಲಿ, ಸಾಮಾನ್ಯವಾಗಿ ಒಂದು 75 ಓಮ್ ರೆಸಿಸ್ಟರ್ ಕೂತಿರುತ್ತದೆ. ಎಳ್ಳುಕಾಳಿನಷ್ಟು ಇರುವ ಅದರ ಮೇಲೆ ‘750’ ಅಂತ ಬರೆದಿದ್ದರೆ ಅದು 750 ಓಮ್ ಅಲ್ಲ, 75. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕು ಅಂತ ಹೇಳುತ್ತದೆ, ಇಲ್ಲಿ ಒಂದೂ ಇಲ್ಲ. ಭೂತಗನ್ನಡಿ ಹಿಡಿದು ಹುಡುಕಿ.

ಪವರ್ ಪಿನ್ ಹೆಚ್ಚಾಗಿ ಒಂದು ಡಯೋಡ್ ಅಥವಾ ಕಾಯಿಲ್ ದಾಟಿ, ವೋಲ್ಟೇಜನ್ನು ಹದಕ್ಕೆ ತರುವ ರೆಗ್ಯುಲೇಟರಿಗೆ ಹೋಗುತ್ತದೆ. ಅಲ್ಲಿನ ಕೆಪಾಸಿಟರಿನ ಮೇಲೆ 16 ವೋಲ್ಟ್ ಅಂತಿದ್ದರೆ ಕ್ಯಾಮೆರಾ ಬಹುಶಃ 12 ವೋಲ್ಟಿನದ್ದು. ಶುರುವಿಗೇ ನಾಲ್ಕು ಡಯೋಡ್ ಸೇರಿದ ಬ್ರಿಡ್ಜ್ ಕಂಡರೆ ಅದು ಎಸಿಯಲ್ಲಿ ಓಡುವ ಕ್ಯಾಮೆರಾ ಇರಬಹುದು, ಆಗ ಲೆಕ್ಕವೇ ಬೇರೆ.

ಪವರ್ ಕೊಡುವಾಗ ಕರೆಂಟಿಗೆ ಮಿತಿ ಹಾಕಿ. ಹಾಗೆ ಮಿತಿ ಹಾಕುವ ಸಪ್ಲೈ ಇಲ್ಲದಿದ್ದರೆ 12 ವೋಲ್ಟ್ ಅಡಾಪ್ಟರಿನ ಪ್ಲಸ್ ವೈರಿನಲ್ಲಿ ಗಾಡಿಯ 5 ವ್ಯಾಟ್ ಬಲ್ಬ್ ಸೇರಿಸಿ. ಬಲ್ಬ್ ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಆಗಿದೆ, ತಕ್ಷಣ ತೆಗೆಯಿರಿ. ಇಲ್ಲದಿದ್ದರೆ ಕ್ಯಾಮೆರಾದ ಮುಂದಿರುವ ಬೆಳಕಿನ ಸೆನ್ಸರನ್ನು ಬೆರಳಿಂದ ಮುಚ್ಚಿ. ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಕರೆಂಟ್ ಜಾಸ್ತಿಯಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮೆರಾದಲ್ಲಿ ಹೆಚ್ಚಾಗಿ ಕಾಣುತ್ತದೆ. ಅಲ್ಲಿಗೆ ಕ್ಯಾಮೆರಾಗೆ ಜೀವ ಇದೆ ಅಂತಾಯಿತು.

ಈಗ ವಿಡಿಯೋ ವೈರನ್ನು ಟಿವಿಯ ಹಳದಿ ಸಾಕೆಟ್ಟಿಗೆ ಕೊಡಿ. ಚಿತ್ರ ಉರುಳುತ್ತಿದ್ದರೆ, ಬಣ್ಣ ಹೋಗಿದ್ದರೆ ಟಿವಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ವಿಡಿಯೋ ಪದ್ಧತಿಗಳ ಸೆಟ್ಟಿಂಗ್ ಬದಲಿಸಿ ನೋಡಿ. ತೀರಾ ಬೆಳ್ಳಗೆ ಕಂಡರೆ ಟಿವಿ ಕಡೆ 75 ಓಮ್ ಲೋಡ್ ಇಲ್ಲದಿರಬಹುದು, ಆಗ ಸಿಗ್ನಲ್ ಎರಡರಷ್ಟಾಗುತ್ತದೆ. ಸಿಗ್ನಲ್ಲಿನ ಏರಿಳಿತವನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದವರಿಗೆ ಇನ್ನೂ ಸುಲಭ. ಪಾಲ್ ಆಗಿದ್ದರೆ ಸರಿಯಾಗಿ 64 ಮೈಕ್ರೋಸೆಕೆಂಡಿಗೊಂದು ಸಿಂಕ್, ಅಂದರೆ ಚಿತ್ರದ ಪ್ರತಿ ಗೆರೆಯ ಶುರುವನ್ನು ಹೇಳುವ ತಗ್ಗು, ಕಾಣುತ್ತದೆ. ಎಎಚ್‌ಡಿ ಥರದ ಎಚ್‌ಡಿ ಕ್ಯಾಮೆರಾ ಆಗಿದ್ದರೆ ಹಳದಿ ಸಾಕೆಟ್ಟಿನಲ್ಲಿ ಚಿತ್ರ ಬರುವುದಿಲ್ಲ, ಅದಕ್ಕೆ ಹೊಂದುವ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ಬೇಕು.

ಚಿತ್ರ ಬಂತು ಅಂತ ಖುಷಿಯಲ್ಲಿ ಯಾವ ಪಿನ್ ಯಾವುದು ಅಂತ ಬರೆದಿಡುವುದನ್ನು ಮರೆಯಬೇಡಿ. ಪ್ಲಗ್ಗಿನ ಪಿನ್‌ಗಳನ್ನು ಎದುರಿಂದ ನೋಡಿದರೆ ಒಂದು ಥರ, ಸೋಲ್ಡರ್ ಮಾಡುವ ಕಡೆಯಿಂದ ನೋಡಿದರೆ ತಿರುಗುಮುರುಗು. ಚಿತ್ರ ಬರೆದು ‘ಎದುರಿನಿಂದ’ ಅಂತ ಪಕ್ಕದಲ್ಲೇ ಗುರುತು ಹಾಕಿ. ಹಳೇ ಪ್ಲಗ್ಗನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿ ಎತ್ತಿಡಿ. ಅದೇ ಸೆಟ್ಟಿನ ಮುಂದಿನ ಕ್ಯಾಮೆರಾ ಬಂದಾಗ ಆ ತುಂಡು ಹಿಡಿದುಕೊಂಡೇ ಕೆಲಸ ಶುರು ಮಾಡಬಹುದು.